ಅಮ್ಮನ ಬಣ್ಣ

"ನಾನು ಸತ್ತ ಮೇಲೆ ನನ್ನನ್ನು ಬೆಳ್ಳಗೆ ಮಾಡಿ ಗೋಡೆಗೆ ಹಾಕ್ಲಿಕ್ಕೆ ಬಿಡ್ಬೇಡ ಶಶಿ," ಎಂದು ಅಮ್ಮ ಹೇಳಿದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಅವರ ಮದುವೆಯ ಫೋಟೋದಲ್ಲಿ ಸ್ಟುಡಿಯೋದವನು ಕುಂಚ ಹಿಡಿದು ಮುಖಕ್ಕೆ ಬಿಳಿ ಬಳಿದಿದ್ದ. ನೋಡಿದವರೆಲ್ಲ "ಇದು ನೀವಾ?" ಎಂದು ಕೇಳುತ್ತಿದ್ದರು. ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಈಗ ಅಮ್ಮ ಇಲ್ಲ. ನಾನು ಜೆಪ್ಪುವಿನ ಫೋಟೋ ಲ್ಯಾಬೊಂದರಲ್ಲಿ ಫೈಲುಗಳನ್ನು ಪ್ರಿಂಟಿಗೆ ತಯಾರು ಮಾಡುತ್ತೇನೆ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ದೊಡ್ಡ ಫೋಟೋ ಬೇಕೆಂದು ಅಣ್ಣ ಸರ್ವೋತ್ತಮ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ. ಅತ್ತಿಗೆಯ ಫೋನಿನ ಬ್ಯೂಟಿ ಮೋಡಿನಲ್ಲಿ ತೆಗೆದದ್ದು. ಅಮ್ಮನಿಗೆ ಸುಣ್ಣ ಹೊಡೆದ ಹಾಗಿತ್ತು.

"ಇದು ಆಗ್ಲಿಕ್ಕಿಲ್ಲ. ದೊಡ್ಡದು ಮಾಡಿದ್ರೆ ಮುಖ ಚೌಕ ಚೌಕ ಕಾಣ್ತದೆ," ಎಂದು ಫೋನಿನಲ್ಲಿ ಹೇಳಿದೆ. ಬೇಡ ಎನ್ನಲು ಕಾರಣ ಸಿಕ್ಕಿತೆಂದು ಸಮಾಧಾನವೂ ಆಯಿತು.

ನನ್ನ ಬಳಿ ಬೇರೆ ಫೈಲಿತ್ತು. ಮಗಳು ಮನ್ವಿತಾಳ ಹುಟ್ಟುಹಬ್ಬಕ್ಕೆ ಲ್ಯಾಬಿನ ಕ್ಯಾಮೆರಾದಲ್ಲಿ ನಾನೇ ತೆಗೆದದ್ದು. ಕೆಲಸ ಮುಗಿದ ಮೇಲೆ ಅದರ ಮುಂದೆ ಕೂತೆ. ಹಿಂದಿದ್ದ ಬಲೂನುಗಳನ್ನು ಅಳಿಸಿದೆ, ಸೀರೆಯ ಅಂಚನ್ನು ಸ್ಪಷ್ಟಗೊಳಿಸಿದೆ, ಕಣ್ಣ ಕೆಳಗಿನ ನೆರಳನ್ನಷ್ಟೇ ತಿಳಿಗೊಳಿಸಿದೆ. ಚರ್ಮದ ಬಣ್ಣ ಮುಟ್ಟಲಿಲ್ಲ. ಸ್ಕ್ರೀನಿನ ಬೆಳಕು ಕಾಗದಕ್ಕೆ ಇರುವುದಿಲ್ಲ. ಅದಕ್ಕೇ ಸಣ್ಣ ಪ್ರಿಂಟ್ ತೆಗೆದು ನನ್ನ ಕೈಯ ಪಕ್ಕ ಹಿಡಿದು ನೋಡಿದೆ. ಅಮ್ಮನದೂ ನನ್ನದೂ ಒಂದೇ ಬಣ್ಣ.

ಮರುದಿನ ಅಣ್ಣ ಲ್ಯಾಬಿಗೆ ಬಂದು ಆ ಪ್ರಿಂಟನ್ನು ನೋಡಿ ಕೌಂಟರಿನ ಮೇಲೆ ಎಸೆದ.

"ಇದೆಂತ ಮಾರಾಯ್ತಿ, ಮಸಿ ಹಿಡಿದ ಪಾತ್ರೆಯ ಹಾಗೆ ಉಂಟು! ನಮ್ಮ ಅನುಷ್ಕಾಳನ್ನು ನೋಡಿ ಹೋದವ್ರು ಬೊಜ್ಜಕ್ಕೆ ಬರ್ತಾರೆ."

"ಬರ್ಲಿ. ಅಮ್ಮ ಇದ್ದದ್ದೇ ಹೀಗೆ."

"ಮದುವೆ ಆಗ್ಬೇಕಾದದ್ದು ನನ್ನ ಮಗಳಿಗೆ. ನಿನಗೆಂತ ಹೋಗ್ತದೆ? ಸ್ವಲ್ಪ ಬ್ರೈಟ್ ಮಾಡು."

"ಮಾಡುದಿಲ್ಲ. ಅವ್ರು ನನ್ನ ಮುಖವನ್ನೂ ನೋಡ್ತಾರಲ್ಲ, ಅದಕ್ಕೆ ಎಂತ ಮಾಡ್ತಿ?"

"ನೀನು ಆ ದಿನ ಒಳಗೆ ಅಡುಗೆಯವ್ರ ಹತ್ತಿರ ಇರು. ಫೋಟೋವನ್ನು ಅಲ್ಲಿ ಇಡ್ಲಿಕ್ಕೆ ಆಗುದಿಲ್ಲ."

ಬಾಯಿ ತೆರೆಯುವಷ್ಟರಲ್ಲಿ ಶಾಲೆಯಿಂದ ಫೋನು. ಮನ್ವಿತಾಳಿಗೆ ಜ್ವರ, ಬೇಗ ಬನ್ನಿ ಎಂದರು. ಅಣ್ಣ ಸ್ವರ ಇಳಿಸಿದ.

"ಆಯ್ತು, ನಿನ್ನ ಹಟವೇ ಆಗ್ಲಿ. ಪೆನ್‌ಡ್ರೈವಿಗೆ ಹಾಕಿ ಕೊಡು. ನಂತೂರಿನ ಫ್ರೇಮಿನವ ಪ್ರಿಂಟೂ ತೆಗೀತಾನೆ. ನೀನು ಮಗುವನ್ನು ನೋಡು."

ನನಗೂ ಸಾಕಾಗಿತ್ತು. ಪೂರ್ತಿ ಅಳತೆಯ ಫೈಲನ್ನೇ ಕೊಟ್ಟು ಶಾಲೆಗೆ ಓಡಿದೆ.

ಬೊಜ್ಜದ ದಿನ ಅಣ್ಣನ ಮನೆಯ ಗೋಡೆಯ ಮೇಲೆ, ಮಾಲೆಯೊಳಗೆ, ಒಬ್ಬಳು ಬಿಳಿ ಹೆಂಗಸು. ಸೀರೆಯ ಜರಿ ಎಳೆ ಎಳೆಯಾಗಿ ಕಾಣುತ್ತಿತ್ತು. ಬಲೂನಿನ ಗುರುತೇ ಇಲ್ಲ. ಚರ್ಮದ ಬಣ್ಣ ಒಂದನ್ನು ಬಿಟ್ಟು ಎಲ್ಲವೂ ನನ್ನ ಕೆಲಸ. ಅಣ್ಣನ ವಾಟ್ಸಾಪ್ ಚಿತ್ರವಾಗಿದ್ದರೆ ಆ ಅಳತೆಗೆ ತಾಳುತ್ತಲೇ ಇರಲಿಲ್ಲ.

"ಎಷ್ಟು ಕ್ಲಿಯರ್ ಉಂಟು!" ಎಂದರು ಅನುಷ್ಕಾಳ ಅತ್ತೆಯಾಗಲಿರುವವರು.

"ನಮ್ಮ ಶಶಿಯದ್ದೇ ಕೈ," ಎಂದು ಅತ್ತಿಗೆ ನಕ್ಕರು.

ಆ ಅತ್ತೆಯಾಗುವವರು ಫೋಟೋ ನೋಡಿದರು, ನನ್ನನ್ನು ನೋಡಿದರು. "ನೀವು ತಂದೆಯ ಹಾಗೆ, ಅಲ್ವಾ?"

ನಾನು ಅಣ್ಣನ ಕಡೆ ತಿರುಗಿದೆ. ಅವನು ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ: "ಬಾಯಿ ಮುಚ್ಚಿ ಊಟಕ್ಕೆ ಕೂತ್ಕೋ."

ಕೂರಲಿಲ್ಲ. ಮಗಳ ಕೈ ಹಿಡಿದು ಹೊರಟು ಬಂದೆ. ಫೋಟೋ ಇನ್ನೂ ಅಲ್ಲೇ ಇದೆ. ಅಮ್ಮನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.