ಕಣ್ಣು ಮುಚ್ಚಿ ಎತ್ತಿದ ಕೋವಿ

ಡೂಗಲ್ ಮಾವ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಎರಡು ಕೋವಿಗಳನ್ನು ಪಕ್ಕಪಕ್ಕದಲ್ಲಿ ಮಲಗಿಸಿದ್ದ. ಅಂಚಿನಲ್ಲಿ ಚೀಸ್ ರೋಲಿನ ತಟ್ಟೆ, ಸಕ್ಕರೆ ಡಬ್ಬಿ, ಡಬ್ಬಿಯಡಿ ಸಿಕ್ಕಿಸಿದ, ಅವನ ಕೋವಿ ಲೈಸೆನ್ಸ್ ನವೀಕರಿಸುವ ಅರ್ಜಿ. ಮಳೆಯಲ್ಲಿ ಬಂದ ಐಲ್ಸಾ ಬಾಗಿಲಲ್ಲೇ ನಿಂತುಬಿಟ್ಟಳು.

"ಬೂಟು," ಎಂದ ಮಾವ.

"ಬಿಚ್ತೀನಿ, ಇರು."

"ಕೋವಿ ಎಲ್ಲೂ ಓಡಿಹೋಗಲ್ಲ. ನೆಲ ಒರೆಸೋನು ನಾನು."

ಡೂಗಲ್ ಅವಳ ತಾಯಿಯ ಅಣ್ಣ. ಫಿಯೋರ್ಡ್‌ಲ್ಯಾಂಡಿನ ಕಾಡನ್ನು ಜಿಂಕೆಗಳು ಮೇಯ್ದು ಬೋಳು ಮಾಡುತ್ತಿದ್ದ ಕಾಲದಲ್ಲಿ ಸರಕಾರದ ಸಂಬಳಕ್ಕೆ ಅವುಗಳನ್ನು ಹೊಡೆಯುತ್ತ, ತಿಂಗಳುಗಟ್ಟಲೆ ಒಬ್ಬನೇ ಕಣಿವೆಗಳಲ್ಲಿ ಕಳೆದವನು. ಈಗ ಎಪ್ಪತ್ತೆಂಟು. ಮಾತು ಕಡಿಮೆ, ಮೊಂಡುತನಕ್ಕೆ ಮಾತ್ರ ಬರವಿಲ್ಲ. ಹೋದ ವಾರ ಫೋನು ಮಾಡಿ, "ಬಂದು ಒಂದನ್ನ ಆರಿಸ್ಕೋ. ಉಳಿದದ್ದು ನಂದು. ಏಪ್ರಿಲ್‌ನಲ್ಲಿ ಇಬ್ರೂ ಬೆಟ್ಟ ಹತ್ತೋಣ," ಎಂದು ಇಟ್ಟುಬಿಟ್ಟಿದ್ದ. ಏಪ್ರಿಲ್ ಎಂದರೆ ಗಂಡುಜಿಂಕೆಗಳು ಹೆಣ್ಣಿಗಾಗಿ ಕಣಿವೆ ತುಂಬ ಕೂಗುವ ತಿಂಗಳು. ಇನ್ನು ಹತ್ತೇ ದಿನ ಇತ್ತು.

ಐಲ್ಸಾಗೆ ನಲವತ್ತನಾಲ್ಕು. ಕುರಿಯುಣ್ಣೆ ಬೆರಳಲ್ಲಿ ತೀಡಿ ದರ್ಜೆ ಹೇಳುವುದು ಕಸುಬು. ಇಷ್ಟು ವರ್ಷ ಗಂಡ ರೋರಿಯ ಕರಿ ಪ್ಲಾಸ್ಟಿಕ್ ಕೋವಿಯನ್ನೇ ಹೊತ್ತು ಬೆಟ್ಟ ಹತ್ತಿದವಳು. ಅದು ಗುರಿ ತಪ್ಪುತ್ತಿರಲಿಲ್ಲ, ಮಳೆಗೆ ಉಬ್ಬುತ್ತಿರಲಿಲ್ಲ, ಬಿದ್ದರೆ ಯಾರೂ ಅಯ್ಯೋ ಅನ್ನುತ್ತಲೂ ಇರಲಿಲ್ಲ.

"ಬಕೆಟ್ಟು ಹೇಗಿದೆ?" ಮಾವ ಕೇಳಿದ. ಆ ಕೋವಿಗೆ ಅವನಿಟ್ಟ ಹೆಸರು ಅದು.

"ಗಟ್ಟಿಯಾಗಿದೆ. ನಿನ್ನ ಹಲ್ಲಿಗಿಂತ ಗಟ್ಟಿ."

ಬೂಟು ಬಿಚ್ಚಿ, ಕೈ ಒರೆಸಿಕೊಂಡು ಅವಳು ಮೇಜಿನ ಹತ್ತಿರ ಬಂದಳು. ಎರಡೂ ಒಂದೇ ಕಾರ್ಖಾನೆಯ ಒಂದೇ ಮಾದರಿ. ಎರಡಕ್ಕೂ ಅಕ್ರೋಟು ಮರದ ಮೈ. ಎಡಗಡೆಯದು ಮಾವ ಕೆಲಸ ಬಿಟ್ಟ ದಿನ ಜೊತೆಗಾರರೆಲ್ಲ ಸೇರಿ ಕೊಟ್ಟ ಉಡುಗೊರೆ. ಅದರ ಮರದಲ್ಲಿ ಕಪ್ಪು, ಕಂದು, ಜೇನಿನ ಬಣ್ಣದ ಗೆರೆಗಳು ಸುಳಿಸುಳಿಯಾಗಿ ಹರಿದಿದ್ದವು. ಅವಳು ತುಸು ಓರೆಯಾದಳು, ಸುಳಿಗಳೂ ಓರೆಯಾದವು. ಕಿಟಕಿಯ ಮಂಕು ಬೆಳಕಿಗೇ ಇಷ್ಟು ಮಿನುಗುವುದು ಬಿಸಿಲಿಗೆ ಏನಾದೀತು ಎಂದು ಅವಳ ಮೈ ಜುಮ್ಮೆಂದಿತು. ಉಣ್ಣೆಯಲ್ಲೂ ಸಾವಿರಕ್ಕೊಂದು ಹೀಗೆ ಸಿಗುತ್ತದೆ. ಸಿಕ್ಕಾಗ ಷೆಡ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಮುಟ್ಟಿ ಹೋಗುತ್ತಾರೆ.

ಬಲಗಡೆಯದು ಮಾವ ಇಪ್ಪತ್ತೆಂಟು ವರ್ಷ ಹೊತ್ತದ್ದು. ನೇರ ಎಳೆಯ ಸಾದಾ ಮರ. ಬಂಡೆಯಿಂದ ಜಾರಿದಾಗ ಹಿಡಿಯ ಹತ್ತಿರ ಮುರಿದ ಮರಕ್ಕೆ ಹಿತ್ತಾಳೆ ಮೊಳೆ ಹೊಡೆದು ಕೂಡಿಸಿದ್ದ. ಹೆಬ್ಬೆರಳು ಕೂರುವ ಜಾಗ ಸವೆದು ತಗ್ಗಾಗಿತ್ತು. ವರ್ಷ ವರ್ಷ ತಿಕ್ಕಿದ ಅಗಸೆ ಎಣ್ಣೆ ಮರದೊಳಗೆಲ್ಲೋ ಇಳಿದು ಕೂತಿತ್ತು.

"ನೋಡಿ ಆರಿಸ್ಬೇಡ," ಎಂದ ಮಾವ. "ನೋಡಿ ಆರಿಸೋದು ಪರದೆ ಬಟ್ಟೆ. ಕಣ್ಣು ಮುಚ್ಚು. ಎತ್ತಿ ಹೆಗಲಿಗಿಡು. ಆಮೇಲೆ ಕಣ್ಣು ತೆಗಿ."

ಅವಳು ಕಣ್ಣು ಮುಚ್ಚಿ ಎಡಗಡೆಯ ಚೆಲುವೆಯನ್ನು ಎತ್ತಿದಳು. ಕಣ್ಣು ತೆರೆದರೆ ಕೊಳವೆಯ ತುದಿಯ ಗುರಿಮುಳ್ಳು ಹಿಂದಿನ ಗುರಿಕಂಡಿಯಿಂದ ಎರಡು ಬೆರಳು ಆಚೆ. ಕತ್ತು ಚಾಚಿ ಹುಡುಕಬೇಕಾಯಿತು. ಆಮೇಲೆ ಹಳೆಯದನ್ನು ಎತ್ತಿದಳು. ಅದು ತಾನಾಗಿ ಹೆಗಲಿಗೆ ಬಂದು ಕೂತಿತು, ಕೆನ್ನೆ ಮರಕ್ಕೆ ತಾಗಿತು. ಕಣ್ಣು ತೆರೆದರೆ ಕಂಡಿಯ ನಟ್ಟನಡುವೆ ಮುಳ್ಳು, ಅದರಾಚೆ ಕಿಟಕಿ, ಕಿಟಕಿಯಾಚೆ ಮಳೆಯಲ್ಲಿ ಮಾಸಿದ ಬೆಟ್ಟ. ಇನ್ನೊಬ್ಬನ ಮೈಯ ಅಳತೆಗೆ ಸವೆದ ಮರ ತನ್ನ ಮೈಯನ್ನು ಹೇಗೆ ಬಲ್ಲದು? ಮತ್ತೆ ಇಳಿಸಿ, ಮತ್ತೆ ಕಣ್ಣು ಮುಚ್ಚಿ ಎತ್ತಿದಳು. ಮತ್ತೆ ಅದೇ.

ಕೋವಿ ಇಳಿಸುವಾಗ ಮಾವನ ಕೈ ಕಂಡಿತು. ಅವನ ಹೆಬ್ಬೆರಳು ಮೇಜಿನ ಅಂಚನ್ನು ತಿಕ್ಕುತ್ತಿತ್ತು, ಆ ತಗ್ಗು ಅಲ್ಲೇ ಇರುವ ಹಾಗೆ. ಇದನ್ನು ಕೊಂಡೊಯ್ದರೆ ಈ ಮನುಷ್ಯ ಆ ಚೆಂದದ ಗೊಂಬೆ ಹಿಡಿದು ಬೆಟ್ಟ ಹತ್ತಬೇಕು. ಅವನ ಕೈಯನ್ನೇ ಕಡಿದು ಒಯ್ದಂತೆ. ಅವಳಿಗೆ ಅಷ್ಟು ಕಟುಕತನ ಇರಲಿಲ್ಲ.

"ಎಡಗಡೆದು," ಎಂದಳು.

"ಹೌದಾ?"

"ಹೌದು. ಚೆನ್ನಾಗಿದೆ."

ಮಾವ ಅವಳ ಮುಖವನ್ನು ಒಂದು ಗಳಿಗೆ ನೋಡಿದ. "ಸರಿ. ಮಳೆ ನಿಲ್ತಾ ಇದೆ. ಮನೆ ಹಿಂದಿನ ದಿಬ್ಬಕ್ಕೆ ನಾಲ್ಕು ಗುಂಡು ಹೊಡೆದು ನೋಡು."

ಕೊಳವೆಯ ಹಿಂಬಾಯಿ ಮುಚ್ಚುವ ಉಕ್ಕಿನ ಅಗುಳಿಯೇ ಬೋಲ್ಟು; ಅದಿಲ್ಲದ ಕೋವಿ ಬರಿ ಮರ ಮತ್ತು ಕೊಳವೆ. ಅಪಾಯ ಆಗದಿರಲೆಂದು ಆ ಊರಲ್ಲಿ ಎಲ್ಲರೂ ಬೋಲ್ಟನ್ನು ಕಳಚಿ ಬೇರೆ ಕಡೆ ಇಡುತ್ತಾರೆ. ಮಾವನವು ಮಲಗುವ ಕೋಣೆಯ ಬೀಗದ ಪೆಟ್ಟಿಗೆಯಲ್ಲಿ ಎರಡು ಉಣ್ಣೆ ಕಾಲುಚೀಲಗಳಲ್ಲಿದ್ದವು. ಅವನು ಹೋಗಿ ಒಂದನ್ನು ತಂದ. ಬೋಲ್ಟಿನ ಮೇಲೆ ಕೊರೆದ ಅಂಕಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ತಲೆಯಾಡಿಸಿದ, ಕೋವಿಗೆ ಜಾರಿಸಿ ಕೂರಿಸಿ ಅವಳ ಕೈಗೆ ಕೊಟ್ಟ.

ಅವಳಿಗೆ ಹನ್ನೆರಡಾಗಿದ್ದಾಗ ಮಾವ ಹೇಳಿಕೊಟ್ಟ ಮೊದಲ ಪಾಠ, ಯಾರು ಕೋವಿ ಕೊಟ್ಟರೂ ಬೋಲ್ಟು ತೆರೆದು ನೋಡು, ನಿನ್ನ ಅಮ್ಮ ಕೊಟ್ಟರೂ ನೋಡು ಎನ್ನುವುದು. ಅವಳು ಎಲ್ಲರ ಮುಂದೆಯೂ ನೋಡುತ್ತಿದ್ದಳು, ರೋರಿಯನ್ನು ಸಿಟ್ಟಿಗೆಬ್ಬಿಸುವಷ್ಟು. ಮಾವ ಕೊಟ್ಟದ್ದನ್ನು ಮಾತ್ರ ಎಂದೂ ನೋಡಿದವಳಲ್ಲ. ಇವತ್ತೂ ನೋಡುತ್ತಿರಲಿಲ್ಲ. ಆ ಉಕ್ಕು ಹೇಗೆ ಜಾರುತ್ತದೋ ಎಂಬ ಆಸೆಗೆ ಬೋಲ್ಟನ್ನು ಎತ್ತಿ ಹಿಂದಕ್ಕೆಳೆದಳು. ಬೆಣ್ಣೆಯಲ್ಲಿ ಚಾಕು ಜಾರಿದಂತೆ ಬಂತು. ಹಿಡಿಯ ಬುಡದಲ್ಲಿ ಕೊರೆದ ಅಂಕಿ ಕಣ್ಣಿಗೆ ಬಿತ್ತು. ಮೂವತ್ತಾರು. ಕೊಳವೆಯ ಮೇಲೆ ಎಂಬತ್ತಾರು.

ಅದು ಹಳೆ ಕೋವಿಯ ಬೋಲ್ಟು. ಮಾದರಿ ಒಂದೇ ಆದ್ದರಿಂದ ಸಲೀಸಾಗಿ ಕೂತಿತ್ತು. ಆದರೆ ಒಂದೊಂದು ಬೋಲ್ಟನ್ನೂ ಅದರದೇ ಕೊಳವೆಗೆ ಅರೆದು ಹೊಂದಿಸಿರುತ್ತಾರೆ; ಕೂದಲೆಳೆಯಷ್ಟು ಸಡಿಲವಿದ್ದರೂ ತೋಟಾ ಹಿಂದಕ್ಕೆ ಸಿಡಿದು ಹೊಡೆಯುವವಳ ಮುಖಕ್ಕೇ ಬರಬಹುದು. ಇಡೀ ಟುವಾಟಪೆರೆ ಊರಿನ ಹುಡುಗರನ್ನೆಲ್ಲ ಕೂರಿಸಿಕೊಂಡು ಇದನ್ನು ಹೇಳಿಕೊಟ್ಟವನು ಡೂಗಲ್. ಐಲ್ಸಾಗೆ ಹೆದರಿಕೆಯಾಯಿತು. ಹೆದರಿಕೆ ತನ್ನ ಮುಖದ ಬಗ್ಗೆ ಅಲ್ಲ, ಅವನ ಮುಖ ಈಗ ಏನಾಗುತ್ತದೋ ಎಂದು.

"ಮಾವ, ನನ್ನ ಪರೀಕ್ಷೆ ಮಾಡ್ತಿದ್ದೀಯಾ?" ಎಂದಳು, ಆದಷ್ಟು ಹಗುರವಾಗಿ. "ಮೂವತ್ತಾರು ಹಾಕಿದ್ದೀಯ."

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ನಗುತ್ತಿದ್ದಳು, ಅವನು ಇನ್ನೊಂದು ಕಾಲುಚೀಲ ತರುತ್ತಿದ್ದ, ಅರ್ಜಿ ಸಕ್ಕರೆ ಡಬ್ಬಿಯಡಿಯಿಂದ ಪೊಲೀಸ್ ಠಾಣೆಗೆ ಹೋಗುತ್ತಿತ್ತು. ಮಾವ ಬೋಲ್ಟನ್ನು ಅವಳ ಕೈಯಲ್ಲಿದ್ದ ಕೋವಿಯಿಂದ ಕಳಚಿಕೊಂಡ. ಉಗುರಿನಿಂದ ಅಂಕಿಯನ್ನು ಗೀರಿ ನೋಡಿದ. ಒಲೆಯ ಮೇಲೆ ಕೆಟಲ್ಲು ಕುದಿಯುತ್ತಿತ್ತು, ಇಬ್ಬರೂ ಇಳಿಸಲಿಲ್ಲ.

"ಪರೀಕ್ಷೆ ಅಲ್ಲ ಕಣೇ," ಎಂದ. "ಕಾಣ್ಲಿಲ್ಲ."

ಇಷ್ಟು ದೊಡ್ಡ ಮಾತನ್ನು ಇಷ್ಟು ಚಿಕ್ಕದಾಗಿ ಯಾರಾದರೂ ಹೇಳಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಹಿಮದಲ್ಲಿ ಮುರಿದ ಕಾಲೆಳೆದುಕೊಂಡು ಮೂರು ದಿನ ನಡೆದು ಬಂದ ಅವನ ಕತೆ ಊರಿಗೆಲ್ಲ ಗೊತ್ತು. ಅವಳಿಗೆ ಆ ಕತೆ ಈಗ ಸಣ್ಣದೆನಿಸಿತು.

ಅವನು ಅರ್ಜಿಯನ್ನು ಎಳೆದು ನಾಲ್ಕಾಗಿ ಮಡಚಿ ಒಲೆಯ ಬಾಯಿ ತೆರೆದು ಒಳಗಿಟ್ಟ. ಆಮೇಲೆ ಕೆಟಲ್ಲು ಇಳಿಸಿದ.

"ಸುಳ್ಳು ಹೇಳ್ದೆ ನೀನು," ಎಂದ, ಅವಳ ಕಡೆ ತಿರುಗದೆ. "ಎಡಗಡೆದಂತೆ. ಕಣ್ಣು ಮಂಜಾದ್ರೂ ಇಷ್ಟು ಕಾಣುತ್ತೆ ನಂಗೆ. ಆ ಚೆಲುವೆ ನಿನ್ನ ಕೈಲಿ ಹೊಸ ಟೋಪಿ ಹಾಕ್ಕೊಂಡ ಹಾಗಿತ್ತು."

"ಹಳೇದು ನಿಂದು ಮಾವ."

"ನಂದೇ. ಅದಕ್ಕೇ ಕೊಡ್ತಿರೋದು. ಚೆಲುವೇನೂ ಒಯ್ಯಿ. ಮಾರು, ಇಟ್ಕೋ, ಪೂಜೆ ಮಾಡು."

"ಮತ್ತೆ ಏಪ್ರಿಲ್?"

"ಬರ್ತೀನಿ. ಕೈ ಬೀಸ್ಕೊಂಡು. ಕೂಗೋ ಜಿಂಕೆ ಮುದುಕನೋ ಪೋರನೋ, ಎಷ್ಟು ದೂರ ಇದಾನೋ, ಕಿವಿ ಹೇಳುತ್ತೆ. ನಿನಗೆ ಅದು ಬರಲ್ಲ, ಆ ಬಕೆಟ್ಟಿಗಂತೂ ಮೊದಲೇ ಬರಲ್ಲ."

ಅವನು ಹಳೆ ಕೋವಿಯನ್ನು ಎತ್ತಿಕೊಂಡ. ಮೂವತ್ತಾರನ್ನು ಬೆರಳಿಂದ ಮತ್ತೆ ತಡವಿ, ಕೊಳವೆಯ ಅಂಕಿಯನ್ನೂ ತಡವಿ, ಬೋಲ್ಟನ್ನು ಕೂರಿಸಿದ. ಹೆಬ್ಬೆರಳು ತಗ್ಗಿನೊಳಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಐಲ್ಸಾ ಕಾದಳು, ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳಲಿಲ್ಲ. ಕೊನೆಗೆ ಅವನು ಬೋಲ್ಟನ್ನು ಹಿಂದಕ್ಕೆಳೆದು ತೆರೆದು, ಕೋವಿಯನ್ನು ಅವಳತ್ತ ಚಾಚಿದ.

"ನೋಡು," ಎಂದ. "ನಾನು ಕೊಟ್ಟರೂ ನೋಡು."

ಅವಳು ಬಗ್ಗಿ, ಬೆಳಕಿಗೆ ಹಿಡಿದು, ನಿಧಾನವಾಗಿ ನೋಡಿದಳು.