ವಚನದ ಉಳಿದರ್ಧ

ಜೋಗೇಶ್ವರಿಯ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಇಂಗ್ಲಿಷ್ ಪಾದ್ರಿ ಬಂದರೆ, ಪಕ್ಕದಲ್ಲಿ ನಿಂತು ಅವರ ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸುವವನು ನಾನು. ಶಾಲೆಯ ಮಾಸ್ತರನೆಂದು ನನ್ನ ತಲೆಗೆ ಕಟ್ಟಿದ ಕೆಲಸ. ೧೯೫೪ರ ಆ ಭಾನುವಾರ ಮಾತ್ರ ಅದನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ.

ಅಂದು ಸಭೆಯ ಹಿರಿಯ ದಾನಪ್ಪನ ಮಗಳು ವಿನೋದಿನಿಯನ್ನು ಮರಳಿ ಸೇರಿಸಿಕೊಳ್ಳುವುದಿತ್ತು. ಸಭೆಯ ಹೊರಗಿನವನೊಬ್ಬನನ್ನು ಮದುವೆಯಾಗಿ ಹೋಗಿದ್ದವಳು, ಅವನು ಕೈಬಿಟ್ಟ ಮೇಲೆ ಅಪ್ಪನ ಮನೆಗೆ ಬಂದಿದ್ದಳು. ಪ್ರಸಂಗ ಮುಗಿದ ಮೇಲೆ ಎಲ್ಲರೂ ಕೈ ಎತ್ತಬೇಕು. ಒಬ್ಬರು ಎತ್ತದಿದ್ದರೂ ಆಗದು. ಈ ನಿಯಮ ಮಾಡಿದವನು ದಾನಪ್ಪನೇ.

ನನ್ನ ತಂಗಿ ಸೇವಂತಿಯೂ ಗ್ರಾಂಟ್ ರೋಡಿನ ಹೋಟೆಲಿನ ಶೇಖರನನ್ನು ಹಾಗೆಯೇ ಮದುವೆಯಾಗಿದ್ದಳು. ಹೆರಿಗೆಯಲ್ಲಿ ಅವಳು ತೀರಿಕೊಂಡಾಗ ಸಭೆಯ ಸ್ಮಶಾನದಲ್ಲಿ ಜಾಗ ಕೇಳಿದೆ. ದಾನಪ್ಪ ಹೆಣದ ಮುಂದೆ ಬೈಬಲ್ ತೆರೆದು, ಕರುಣೆ ತೋರದವರಿಗೆ ಕರುಣೆಯಿಲ್ಲದ ತೀರ್ಪೇ ಸಿಗುವುದೆಂದು ಓದಿದ. ಇವಳು ಹೆತ್ತವರ ಮೇಲೆ ಕರುಣೆ ತೋರದೆ ಹೋದವಳೆಂದು ಅರ್ಥ ಹೇಳಿ ಪುಸ್ತಕ ಮುಚ್ಚಿದ. ತೀರ್ಪಿನ ಮೇಲೆ ಕರುಣೆಯೇ ಗೆಲ್ಲುವುದೆಂಬ ಉಳಿದರ್ಧವನ್ನು ಓದಲೇ ಇಲ್ಲ. ಕಡೆಗೆ ಪ್ರಾರ್ಥನೆಯಿಲ್ಲದೆ, ಮುನಿಸಿಪಾಲಿಟಿಯ ಜಾಗದಲ್ಲಿ, ನಾನೂ ಶೇಖರನೂ ಮಣ್ಣು ಮಾಡಿದೆವು.

ಈಗ ಕರುಣೆಯ ಬಗ್ಗೆ ಹೇಳಿರೆಂದು ದಾನಪ್ಪನೇ ಪಾದ್ರಿಯನ್ನು ಕೇಳಿಕೊಂಡಿದ್ದನಂತೆ. ಪಾದ್ರಿ ಆರಿಸಿದ್ದು ಅದೇ ವಚನ. ಅವರು ಪೂರ್ತಿ ಓದಿದರು. ನಾನು ಮೊದಲರ್ಧವನ್ನಷ್ಟೇ ಕನ್ನಡದಲ್ಲಿ ಹೇಳಿ ನಿಲ್ಲಿಸಿದೆ. ಜನ ವಿನೋದಿನಿಯತ್ತ ತಿರುಗಿದರು. ಅವಳು ತಲೆ ತಗ್ಗಿಸಿದಳು.

ದಾನಪ್ಪ ಎದ್ದು ನಿಂತ. “ಮಾಸ್ತರ, ಮುಂದಿಂದೂ ಹೇಳ್ರಿ.”

“ನೀವ ಹೇಳ್ರಿ, ಹಿರಿಯಾರ. ನನ್ನ ತಂಗಿ ಹೆಣದ ಮುಂದ ನೀವು ಬಿಟ್ಟದ್ದು ಅದು.”

ದಾನಪ್ಪ ತಡವರಿಸುತ್ತ ಉಳಿದರ್ಧ ಹೇಳಿದ. ಸೇವಂತಿಯ ಹೆಸರೆತ್ತಿ, ತಪ್ಪಾಯಿತೆಂದು ಎಲ್ಲರ ಮುಂದೆ ಅತ್ತುಬಿಟ್ಟ. ಆ ಅಳುವಿಗಾಗಿ ಎಷ್ಟು ದಿನ ಕಾದಿದ್ದೆ! ಕೇಳಿ ಹಿತವಾಯಿತು, ಆದರೆ ಸಾಲಲಿಲ್ಲ.

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದೊಂದಾಗಿ ಕೈಗಳು ಮೇಲೆದ್ದವು. ಎಲ್ಲರೂ ಎತ್ತಿದರೇ ಎಂದು ಪಾದ್ರಿ ಇಂಗ್ಲಿಷಿನಲ್ಲಿ ಕೇಳಿದರು. ಆ ಮಾತನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಿರುಗಿಸಿ ಹೇಳಿದೆ. ವಿನೋದಿನಿ ನನ್ನತ್ತ ನೋಡಿದಳು, ದಾನಪ್ಪನೂ ನೋಡಿದ. ನನ್ನ ಎರಡೂ ಕೈಗಳು ಬೈಬಲಿನ ಮೇಲೆಯೇ ಇದ್ದವು.