ಮೂರನೇ ಹರ್ಡಲ್‌ನ ಮಸುಕು

ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಕ್ಯಾಮೆರಾ ಎರಡನೇ ಸಲ ಕಂಪನಿಯ ಸರ್ವೀಸ್ ಸೆಂಟರ್‌ನಿಂದ ಹೊರಬಂತು. ಜೊತೆಗೆ ಕೊಟ್ಟ ಚೀಟಿಯಲ್ಲಿ ‘ಯಾವುದೇ ದೋಷ ಕಂಡುಬಂದಿಲ್ಲ’ ಎಂದಿತ್ತು.

ಅದನ್ನು ಒಯ್ಯಲು ಬಂದವಳು ಪತ್ರಿಕೆಯೊಂದರ ಕ್ರೀಡಾ ಛಾಯಾಗ್ರಾಹಕಿ. ಕಚೇರಿಯಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಫೋನಿನಲ್ಲಿ ಅವಳ ತಂಗಿ ‘ಅಕ್ಕಾ’ ಎಂದು ಕೂಗುವುದು ಪಕ್ಕದ ನಾಲ್ಕು ಮೇಜಿಗೆ ಕೇಳುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು.

ಅಕ್ಕ ಚೀಟಿಯನ್ನು ಓದಿ ಕೌಂಟರ್ ಮೇಲಿಟ್ಟಳು.

“ದೋಷ ಇಲ್ಲ ಅಂದ್ರೆ ಏನರ್ಥ? ಫೋಕಸ್ ತಪ್ತಿರೋದು ನಾನು ಕಂಡ ಕನಸಾ?”

“ಮೊದಲ ಸಲ ಬಂದಾಗ ಸ್ವಲ್ಪ ವ್ಯತ್ಯಾಸ ಇತ್ತು ಮೇಡಂ, ಸರಿ ಮಾಡಿದ್ವಿ,” ಎಂದ ರಿಪೇರಿಯವನು. ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡಿದ್ದ. “ಈ ಸಲ ನಿಮ್ಮ ಲೆನ್ಸನ್ನೂ ಹಾಕಿ ನೋಡಿದ್ವಿ. ಫೋಕಸ್ ಪರೀಕ್ಷೆಯ ಚಾರ್ಟ್ ಮೇಲೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ.”

“ಚಾರ್ಟ್ ಓಡಲ್ಲವಲ್ಲ.”

“ಅದೂ ಓಡಿದ್ರೆ ಹಿಡ್ಕೊಂಡು ಬರೋಕೆ ನಮ್ಮಲ್ಲಿ ಜನ ಇಲ್ಲ.” ಅವನು ನಗದೆ ಹೇಳಿದ. ಆಮೇಲೆ ಸ್ವರ ತಗ್ಗಿಸಿದ. “ನೀವು ಕೊಟ್ಟ ಸ್ಯಾಂಪಲ್ ಚಿತ್ರ ಎಲ್ಲಾ ನೋಡಿದೆ. ಅಷ್ಟರಲ್ಲೂ ಇರೋದು ಒಬ್ಬಳೇ ಹುಡುಗಿ. ಬೇರೆಯವರ ಚಿತ್ರ ಯಾಕಿಲ್ಲ?”

“ಅವಳು ನನ್ನ ತಂಗಿ.”

“ಸರಿ. ಆದ್ರೆ ಒಂದ್ಸಲ ಬೇರೆ ಯಾರನ್ನಾದ್ರೂ ಇದೇ ಥರ ತೆಗೆದು ನೋಡಿ.”

ಅಕ್ಕನಿಗೆ ಮೈ ಉರಿಯಿತು. ರಿಪೇರಿ ಮಾಡಲಾಗದವನು ಬುದ್ಧಿ ಹೇಳುತ್ತಾನೆ ಎಂದುಕೊಂಡು ಚೀಲ ಹೆಗಲಿಗೇರಿಸಿ ಹೊರಟಳು. ಆದರೆ ಅವನ ಮಾತು ಸುಳ್ಳಾಗಿರಲಿಲ್ಲ. ಪತ್ರಿಕೆಯ ಕೆಲಸಕ್ಕೆ ಅವಳು ತೆಗೆಯುವುದು ಹೆಚ್ಚಾಗಿ ಈಜು, ಟೇಬಲ್ ಟೆನಿಸ್, ಬಹುಮಾನ ವಿತರಣೆ. ನೇರ ಎದುರಿಗೆ ಓಡಿ ಬರುವವರನ್ನು ತೆಗೆಯುತ್ತಿದ್ದುದು ತಂಗಿ ಅಡ್ಡತಡೆಗಳನ್ನು ಹಾರಿ ಓಡುವ ಹರ್ಡಲ್ಸ್‌ನಲ್ಲಿ ಮಾತ್ರ. ಟ್ರ್ಯಾಕಿನಲ್ಲಿ ತಂಗಿ ಇದ್ದರೆ ಅಕ್ಕನ ಕಣ್ಣಿಗೆ ಉಳಿದ ಏಳು ಸಾಲುಗಳು ಇಲ್ಲವೇ ಇಲ್ಲ. ಗೆದ್ದವರ ಚಿತ್ರಕ್ಕೆಂದು ಅಂತಿಮ ಗೆರೆಯ ಬಳಿ ಇನ್ನೊಂದು ಹಳೆಯ ಕ್ಯಾಮೆರಾ ನೆಟ್ಟು, ಅದರ ಗುಂಡಿಯನ್ನು ದೂರದಿಂದ ಒತ್ತಿ ಸಂಬಳದ ಋಣ ತೀರಿಸುತ್ತಿದ್ದಳು. ಒಳ್ಳೆಯ ಕ್ಯಾಮೆರಾ, ಉದ್ದದ ಲೆನ್ಸು, ಎರಡೂ ತಂಗಿಗೇ ಮೀಸಲು.

ತಂಗಿಯನ್ನು ಮನೆಯಲ್ಲಿ ಮಿಡತೆ ಎನ್ನುತ್ತಿದ್ದರು. ನಡೆಯಲು ಕಲಿತ ವರ್ಷವೇ ಹೊಸ್ತಿಲನ್ನು ದಾಟದೆ ಹಾರಿದವಳು. ಅಮ್ಮನಿಗೆ ಸಂಜೆ ಪಾಳಿಯ ಕೆಲಸ. ಮಿಡತೆಗೆ ಉಣ್ಣಿಸಿ, ಜಡೆ ಹೆಣೆದು, ಮಲಗಿಸಿದ್ದೆಲ್ಲ ಅಕ್ಕ. ಕ್ರೀಡಾ ಹಾಸ್ಟೆಲ್ ಸೇರಿದ ಮೇಲೆ ಅವಳು ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ತಟ್ಟೆ ತೊಳೆಯುವಷ್ಟರಲ್ಲಿ ನಿದ್ದೆಹೋಗುತ್ತಿದ್ದಳು. ಅಕ್ಕನಿಗೆ ಅವಳು ಸಿಗುತ್ತಿದ್ದುದು ಕ್ರೀಡಾಕೂಟಗಳಲ್ಲಿ, ಲೆನ್ಸಿನ ಆ ತುದಿಯಲ್ಲಿ, ಹದಿಮೂರು ಹದಿನಾಲ್ಕು ಸೆಕೆಂಡ್. ಹರ್ಡಲ್ ಮೇಲೆ ಬರುವಾಗ ಮಿಡತೆಯ ಮುಖದಲ್ಲಿ ಒಂದು ಏಕಾಗ್ರತೆ ಮೂಡುತ್ತಿತ್ತು. ಚಿಕ್ಕವಳಿದ್ದಾಗ ಸೂಜಿಗೆ ದಾರ ಪೋಣಿಸಲು ಕೂತರೆ ತುಟಿ ಕಚ್ಚಿಕೊಂಡು ಹೀಗೇ ಇರುತ್ತಿದ್ದಳು. ಅಕ್ಕನಿಗೆ ಬೇಕಾದದ್ದು ಆ ಮುಖ.

ಬೇಸಿಗೆಯಿಂದೀಚೆಗೆ ಅದು ಒಂದು ಸಲವೂ ಸಿಕ್ಕಿರಲಿಲ್ಲ. ಮೊದಲೆರಡು ಹರ್ಡಲ್ ಸರಿ. ಆದರೆ ಅಷ್ಟು ದೂರಕ್ಕೆ ಮುಖ ಚಿಕ್ಕದು. ಮುಖ ಗುರುತು ಹತ್ತುವಷ್ಟು ದೊಡ್ಡದಾಗುವ ಮೂರನೆಯದರಿಂದ ಕ್ಯಾಮೆರಾ ಕೈಕೊಡುತ್ತಿತ್ತು. ಟ್ರ್ಯಾಕಿನ ಕೆಂಪು ಹರಳು ಒಂದೊಂದೂ ಸ್ಪಷ್ಟ, ಮಿಡತೆಯ ಮುಖ ಮಾತ್ರ ನೀರು ಬಿದ್ದ ಗಾಜಿನಾಚೆ ಇದ್ದಂತೆ. ಭಾನುವಾರದ ಫೈನಲ್‌ನಲ್ಲಿ ಮೊದಲ ಮೂವರಲ್ಲಿ ಬಂದರೆ ಅವಳು ದೂರದ ತರಬೇತಿ ಶಿಬಿರಕ್ಕೆ ಎರಡು ವರ್ಷ ಹೋಗುತ್ತಾಳೆ. ಅಲ್ಲಿಯ ಕೂಟಗಳಿಗೆ ಪತ್ರಿಕೆ ಅಕ್ಕನನ್ನು ಕಳಿಸುವುದಿಲ್ಲ. ಇರುವುದು ಒಂದೇ ದಿನ, ಬೇಕಾದದ್ದು ಒಂದೇ ಚಿತ್ರ.

ಸಂಜೆ ಮಿಡತೆಯೇ ಫೋನ್ ಮಾಡಿದಳು.

“ಅಕ್ಕಾ, ಕ್ಯಾಮೆರಾ ಸರಿಹೋಯ್ತಾ?”

“ದೋಷವೇ ಇಲ್ವಂತೆ.”



“ಅವರು ಹಾಗೇ ಹೇಳ್ತಾರೆ ಕಣಕ್ಕ. ಕಂಪನಿಯವರು ತಮ್ಮ ತಪ್ಪು ಒಪ್ತಾರಾ? ಇನ್ನೊಂದ್ಸಲ ಕಳ್ಸು.”

“ಕಳಿಸಿದ್ರೆ ಭಾನುವಾರ ನಿನ್ನನ್ನ ಪೆನ್ಸಿಲ್ ಹಿಡಿದು ಬಿಡಿಸ್ಬೇಕಾಗತ್ತೆ.”

“ಬಿಡ್ಸು. ಮೂಗು ಸ್ವಲ್ಪ ಚಿಕ್ಕದು ಮಾಡು.”

ಭಾನುವಾರ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲು ಬಂದು, ಅಂತಿಮ ಗೆರೆಯಾಚೆ ಛಾಯಾಗ್ರಾಹಕರ ಜಾಗದಲ್ಲಿ ಒಂಟಿಗಾಲಿನ ಸ್ಟ್ಯಾಂಡ್ ಊರಿಕೊಂಡಳು. ಅರ್ಹತಾ ಓಟಗಳ ಮೊದಲ ಹೀಟ್‌ನಲ್ಲಿ ಮಿಡತೆ ಇರಲಿಲ್ಲ. ಸುಮ್ಮನೆ ಕೂರಲಾರದೆ, ರಿಪೇರಿಯವನ ಬಾಯಿ ಮುಚ್ಚಿಸಲು ಒಂದು ಪುರಾವೆ ಸಿಕ್ಕೀತೆಂದು, ಐದನೇ ಸಾಲಿನ ಹಸಿರು ಅಂಗಿಯ ಹುಡುಗಿಯನ್ನು ಹಿಡಿದಳು. ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ರೆಪ್ಪೆ ಎಣಿಸಬಹುದಿತ್ತು. ಮೂರನೇ ಹರ್ಡಲ್, ನಾಲ್ಕನೆಯದು, ಐದನೆಯದು, ಎಲ್ಲವೂ.

ಎರಡನೇ ಹೀಟ್‌ನಲ್ಲಿ ಮಿಡತೆ ಓಡಿದಳು. ಎರಡನೆಯವಳಾಗಿ ಫೈನಲ್ ಸೇರಿದಳು. ಮೂರನೇ ಹರ್ಡಲ್‌ನಲ್ಲಿ ಮತ್ತೆ ಮಸುಕು.

ಗ್ಯಾಲರಿಯ ಕೆಳಗಿನ ಪತ್ರಕರ್ತರ ಕೋಣೆಯಲ್ಲಿ ಒಂದು ಉದ್ದ ಮೇಜು, ಹತ್ತು ಜನಕ್ಕೆ ಎರಡೇ ಪ್ಲಗ್ ಪಾಯಿಂಟ್. ಅಕ್ಕ ಮೂಲೆ ಹಿಡಿದು ಲ್ಯಾಪ್‌ಟಾಪ್ ತೆರೆದಳು. ಹಸಿರು ಅಂಗಿಯವಳನ್ನೂ ಮಿಡತೆಯನ್ನೂ ಅಕ್ಕಪಕ್ಕ ಇಟ್ಟಳು. ಆಮೇಲೆ ಬೇಸಿಗೆಯಿಂದ ಕೂಡಿಟ್ಟ ಮಸುಕಾದ ಚಿತ್ರಗಳನ್ನೆಲ್ಲ ಹರಡಿ, ಈ ಸಲ ಮುಖವನ್ನು ಬಿಟ್ಟು ಸ್ಪಷ್ಟವಾಗಿ ಬಿದ್ದದ್ದನ್ನು ನೋಡಿದಳು. ಎಲ್ಲದರಲ್ಲೂ ಫೋಕಸ್ ಕೂತದ್ದು ಮಿಡತೆಗಿಂತ ಒಂದು ಗೇಣು ಮುಂದೆ. ಹಿಂದಕ್ಕೆ ತಪ್ಪಿದ ಚಿತ್ರ ಒಂದೂ ಇಲ್ಲ.

ಇಂಥ ಕ್ಯಾಮೆರಾ ಕೆಲಸ ಮಾಡುವ ರೀತಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎದುರಿಗೆ ಓಡಿ ಬರುವವರ ವೇಗವನ್ನು ಅದು ಅಳೆಯುತ್ತಲೇ ಇರುತ್ತದೆ. ಗುಂಡಿ ಒತ್ತಿದ ಮೇಲೆ ಚಿತ್ರ ಬೀಳುವವರೆಗಿನ ಕಿಂಚಿತ್ ಹೊತ್ತಿನಲ್ಲಿ ಅವರು ಎಲ್ಲಿಗೆ ಬಂದಿರಬೇಕು ಎಂದು ಲೆಕ್ಕಹಾಕಿ, ಫೋಕಸನ್ನು ಆ ಜಾಗದಲ್ಲಿ ಮೊದಲೇ ಇಟ್ಟುಕೊಳ್ಳುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಮಿಡತೆ ಆ ಜಾಗಕ್ಕೆ ಬಂದಿರಲಿಲ್ಲ. ಹರ್ಡಲ್‌ಗೆ ಮುಂಚಿನ ಹೆಜ್ಜೆಯಲ್ಲಿ ಒಂದು ಚೂರು ತಡೆಯುತ್ತಿದ್ದಳು, ಬರಿಗಣ್ಣಿಗೆ ಕಾಣದಷ್ಟು. ಹೋದ ವರ್ಷದ ಚಿತ್ರಗಳಲ್ಲಿ ಮಂಡಿ ಎದೆಯ ಮಟ್ಟಕ್ಕೆ ಬಂದಿತ್ತು. ಈ ವರ್ಷ ಅದಕ್ಕಿಂತ ಕೆಳಗಿತ್ತು.

ಎರಡು ಸಲ ಕ್ಯಾಮೆರಾ ಹೊತ್ತು ತಿರುಗಿದ್ದಳು, ಒಂದು ಸಲವೂ ಹುಡುಗಿಯ ಕಾಲು ನೋಡಿರಲಿಲ್ಲ.

ಮಿಡತೆ ಹಿಂದಿನ ಅಭ್ಯಾಸದ ಮೈದಾನದಲ್ಲಿ, ಗೋಡೆಯ ನೆರಳಲ್ಲಿ, ಚಾಪೆಯ ಮೇಲೆ ಕೂತು ಬೂಟಿನ ಲೇಸ್ ಬಿಚ್ಚುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕುಕ್ಕರಿಸಿದಳು.

“ಎಡಗಾಲಾ, ಬಲಗಾಲಾ?”

“ಏನು?”

“ಮಂಡಿ.”

ಲೇಸ್ ಬಿಚ್ಚುವ ಕೈ ನಿಂತಿತು. “ಯಾರು ಹೇಳಿದ್ರು?”

“ಕ್ಯಾಮೆರಾ.”

“ದೋಷ ಇಲ್ಲ ಅಂದಾಗ್ಲೇ ಅಂದ್ಕೊಂಡೆ, ನನ್ನ ಕಥೆ ಮುಗೀತು ಅಂತ.” ಮಿಡತೆ ತಲೆ ಎತ್ತಲಿಲ್ಲ. “ಎಡಗಾಲು.”

“ಎರಡು ಸಲ ಅಷ್ಟು ದೂರ ಅಲೆದಾಡಿಸಿದೆಯಲ್ಲೇ, ಕಳ್ಳಿ.”

“ಇನ್ನೊಂದ್ಸಲ ಅಲೆದಾಡಿಸೋಣ ಅಂತಿದ್ದೆ. ಅಷ್ಟರಲ್ಲಿ ಶಿಬಿರ ಸೇರ್ಕೋತಿದ್ದೆ. ಅಲ್ಲಿ ಡಾಕ್ಟರು, ಗೀಕ್ಟರು ಎಲ್ಲಾ ಇರ್ತಾರೆ.”

“ಕೋಚ್‌ಗೆ ಗೊತ್ತಾ?”

“ಗೊತ್ತಾಗಿದ್ರೆ ನಾನಿಲ್ಲಿ ಕೂತಿರ್ತಿದ್ನಾ? ಗ್ಯಾಲರೀಲಿ ಕೂತು ಚಪ್ಪಾಳೆ ತಟ್ತಿದ್ದೆ.”

“ಓಡಬೇಡ ಮಿಡತೆ.”

ಆಗ ಅವಳು ತಲೆ ಎತ್ತಿ ಅಕ್ಕನ ಮುಖವನ್ನೇ ನೋಡಿದಳು.

“ಕಾಲಿಗೆ ಏನಾದ್ರೂ ಆಗತ್ತೆ ಅಂತ ಬೇಡ ಅಂತಿದ್ದೀಯಾ, ನಾನು ಹೊರಟೋಗ್ತೀನಿ ಅಂತಾನಾ?”

ಅಕ್ಕನ ಬಾಯಲ್ಲಿ ಉತ್ತರ ಸಿದ್ಧವಿತ್ತು, ಕಾಲಿಗಾಗಿ ಎಂದು. ಮೈದಾನದಾಚೆ ಯಾರೋ ಹರ್ಡಲ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

“ಎರಡೂ,” ಎಂದಳು ಕೊನೆಗೆ. “ಯಾವುದು ಎಷ್ಟು ಅಂತ ನಂಗೇ ಗೊತ್ತಿಲ್ಲ.”

“ನಂಗೊತ್ತಿತ್ತು.” ಮಿಡತೆ ಅಕ್ಕನ ಕುಪ್ಪಸದ ತೋಳಿಗೆ ಅಂಟಿದ್ದ ಕೆಂಪು ಧೂಳನ್ನು ಬೆರಳಲ್ಲಿ ಕೊಡವಿದಳು. “ಇಷ್ಟು ದಿನ ಓಡಿದ್ದೀನಿ ಅಕ್ಕಾ. ಇದೊಂದು ಓಡ್ಬಿಡ್ತೀನಿ.”

ಕೋಚ್ ಇಪ್ಪತ್ತು ಮಾರು ದೂರದಲ್ಲಿ ನಿಂತು ನೀರು ಕುಡಿಯುತ್ತಿದ್ದ. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ತಂಗಿಯ ಕಾಲಿಗಾಗಿ ಎಂದು ಖಾತರಿಯಿದ್ದಿದ್ದರೆ ಅಕ್ಕ ಹೇಳಿಯೇಬಿಡುತ್ತಿದ್ದಳು. ಖಾತರಿಯಿರಲಿಲ್ಲ. ಅವನನ್ನು ಹಾದು ತನ್ನ ಜಾಗಕ್ಕೆ ಬಂದಳು.

ಫೈನಲ್ ಸಂಜೆ ನಾಲ್ಕಕ್ಕೆ. ಮಿಡತೆಗೆ ನಾಲ್ಕನೇ ಸಾಲು. ಅಕ್ಕ ಕ್ಯಾಮೆರಾದ ಆಟೋಫೋಕಸ್ ಆಫ್ ಮಾಡಿದಳು. ಲೆನ್ಸಿನ ಉಂಗುರವನ್ನು ಕೈಯಿಂದಲೇ ತಿರುಗಿಸಿ, ನಾಲ್ಕನೇ ಸಾಲಿನ ಮೂರನೇ ಹರ್ಡಲ್‌ನ ಅಡ್ಡಪಟ್ಟಿಯ ಮೇಲಿನ ಗೀರುಗಳು ಕಾಣುವವರೆಗೆ ತಂದು, ಅಲುಗದಂತೆ ಟೇಪ್ ಸುತ್ತಿದಳು.

“ಏನಕ್ಕ, ಸನ್ಯಾಸ ತಗೊಂಡ್ರಾ?” ಎಂದ ಪಕ್ಕದಲ್ಲಿ ಕೂತಿದ್ದ ಬೇರೊಂದು ಪತ್ರಿಕೆಯವನು. “ಇಷ್ಟು ದುಬಾರಿ ಕ್ಯಾಮೆರಾಕ್ಕೆ ಟೇಪ್ ಸುತ್ತೋರನ್ನ ಇವತ್ತೇ ನೋಡಿದ್ದು.”

“ನೀನು ನಿನ್ನದು ನೋಡ್ಕೋ.”

ಈಗ ಕ್ಯಾಮೆರಾ ಯಾರ ಲೆಕ್ಕವನ್ನೂ ಹಾಕುತ್ತಿರಲಿಲ್ಲ. ಮಿಡತೆ ಬೇಗ ಬರಲಿ, ತಡವಾಗಿ ಬರಲಿ, ಆ ಪಟ್ಟಿಯ ಮೇಲೆ ಬಂದೇ ಬರಬೇಕು. ಅಕ್ಕ ಮಾಡಬೇಕಾದದ್ದು ಕಾಯುವುದೊಂದೇ.

ಗುಂಡು ಹಾರಿತು. ಮೊದಲ ಹರ್ಡಲ್, ಎರಡನೆಯದು. ಅಕ್ಕಪಕ್ಕದವರು ಮೂರನೆಯದನ್ನು ಏರಿದರು. ನಾಲ್ಕನೇ ಸಾಲು ಖಾಲಿಯಿತ್ತು, ಮರುಕ್ಷಣ ಖಾಲಿಯಿರಲಿಲ್ಲ. ಅಕ್ಕ ಗುಂಡಿ ಒತ್ತಿದಳು.

ಮಿಡತೆ ನಾಲ್ಕನೆಯವಳಾಗಿ ಮುಗಿಸಿದಳು. ಧ್ವನಿವರ್ಧಕದಲ್ಲಿ ಮೊದಲ ಮೂವರ ಹೆಸರು ಬಂದು ಅವಳ ಹೆಸರು ಬಾರದಿದ್ದಾಗ ಅಕ್ಕನ ಎದೆಯಲ್ಲಿ ಮೊದಲು ಎದ್ದದ್ದು ನೋವಲ್ಲ, ಸಂತೋಷ. ಅದನ್ನು ಅವಳು ಗುರುತಿಸಿದಳು. ನೋವು ಬಂದದ್ದು ಆಮೇಲೆ, ಪರದೆಯಲ್ಲಿ ಚಿತ್ರ ನೋಡಿದಾಗ.

ಮುಖ ನಿಚ್ಚಳವಾಗಿತ್ತು. ಹಣೆಗೆ ಅಂಟಿದ ಕೂದಲು, ಗಲ್ಲದ ಹಳೆಯ ಕಲೆ, ಎಲ್ಲ ಕಂಡಿತು. ಸೂಜಿ ಪೋಣಿಸುವ ಏಕಾಗ್ರತೆ ಅಲ್ಲಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹಲ್ಲು ಕಚ್ಚಿತ್ತು, ಕೊರಳ ನರ ಎದ್ದಿತ್ತು. ಹರ್ಡಲ್ ಮೇಲೆ ಅವಳು ಕಣ್ಣು ಮುಚ್ಚಿಕೊಂಡೇ ಹಾರಿದ್ದಳು.

ಪತ್ರಿಕೆಯ ಕ್ರೀಡಾ ಡೆಸ್ಕಿನ ಮುಖ್ಯಸ್ಥರ ಫೋನ್ ಬಂತು. “ಏನಮ್ಮಾ, ಗೆದ್ದವಳ ಚಿತ್ರ ಇದೆಯೋ, ಈ ಸಲವೂ ನಿಮ್ಮ ಮನೆ ಆಲ್ಬಮ್ಮೋ?”

“ಇದೆ ಸರ್, ಕಳಿಸ್ತಿದ್ದೀನಿ,” ಎಂದಳು. ಗೆರೆಯ ಬಳಿಯ ಹಳೆಯ ಕ್ಯಾಮೆರಾದ ಚಿತ್ರ ಕಳಿಸಿದಳು.

ಮಿಡತೆ ಟವೆಲ್ ಹೊದ್ದು ಗೋಡೆ ಹಿಡಿದುಕೊಂಡು ಬಂದಳು. “ಬಂತಾ?” ಎಂದು ಕೇಳಿದಳು.

ಅಕ್ಕ ಪರದೆಯನ್ನು ಅವಳತ್ತ ತಿರುಗಿಸಿದಳು.

ಮಿಡತೆ ಬಹಳ ಹೊತ್ತು ನೋಡಿದಳು. “ಇಷ್ಟು ಕೆಟ್ಟದಾಗಿ ಕಾಣ್ತೀನಾ?”

“ಹ್ಞೂಂ.”

“ಅಳಿಸ್ತೀಯಾ?”

“ಇಲ್ಲ.”

ಆ ಸಂಜೆ ಹಾಸ್ಟೆಲ್‌ನ ಬಸ್ಸು ಮಿಡತೆಯನ್ನು ಬಿಟ್ಟು ಹೊರಟಿತು. ಅವಳು ಅಕ್ಕನ ಸ್ಕೂಟರಿನ ಹಿಂದೆ ಕೂತು, ಮಡಚಲಾಗದ ಎಡಗಾಲನ್ನು ಪಕ್ಕಕ್ಕೆ ಚಾಚಿಕೊಂಡು, ಮನೆಗೆ ಬಂದಳು.